ನಕ್ಷೆಯ ದೂರ, ಗಾಳಿಯ ದೂರ

ನ್ಯೂಯಾರ್ಕಿನ ಜೆಎಫ್‌ಕೆ ವಿಮಾನ ನಿಲ್ದಾಣದಿಂದ ಸಿಂಗಾಪುರದ ಚಾಂಗಿಗೆ ಎಷ್ಟು ದೂರ ಎಂದು ಹುಡುಕಿದರೆ 15,349 ಕಿಲೋಮೀಟರ್ ಎಂಬ ಉತ್ತರ ಸಿಗುತ್ತದೆ. ಎಲ್ಲೇ ಹುಡುಕಿದರೂ ಹತ್ತಿಪ್ಪತ್ತು ಕಿಲೋಮೀಟರ್ ಆಚೆ ಈಚೆ, ಅಷ್ಟೇ. ನಡುವೆ ಎಲ್ಲೂ ಇಳಿಯದೆ ಹೋಗುವ ಪ್ರಯಾಣಿಕ ವಿಮಾನಗಳಲ್ಲಿ ಇದೇ ಅತಿ ದೂರದ ಹಾರಾಟ. ಜೆಎಫ್‌ಕೆ ಪಕ್ಕದಲ್ಲೇ ನೆವಾರ್ಕ್ ನಿಲ್ದಾಣವಿದೆ. ಅಲ್ಲಿಂದ ಸಿಂಗಾಪುರಕ್ಕೂ ಹೆಚ್ಚುಕಡಿಮೆ ಇಷ್ಟೇ ದೂರ. ಆದರೆ 2018ರಲ್ಲಿ ಸಿಂಗಾಪುರ್ ಏರ್‌ಲೈನ್ಸ್ ನೆವಾರ್ಕ್ ವಿಮಾನವನ್ನು ಮತ್ತೆ ಶುರು ಮಾಡಿದಾಗ, ಈ ಹಾರಾಟದ ದೂರ ಸುಮಾರು 16,700 ಕಿಲೋಮೀಟರ್ ಎಂದು ತಾನೇ ಹೇಳಿಕೊಂಡಿತು.

ಎರಡೂ ಲೆಕ್ಕ ಸರಿಯೇ. ಹಾಗಾದರೆ ನಡುವಿನ 1,350 ಕಿಲೋಮೀಟರ್ ಎಲ್ಲಿಂದ ಬಂತು? ನನಗೆ ವಿಮಾನಯಾನದಲ್ಲಿ ಇದಕ್ಕಿಂತ ಇಷ್ಟವಾದ ಪ್ರಶ್ನೆ ಇನ್ನೊಂದಿಲ್ಲ. ಮೊದಲನೆಯದು ಭೂಮಿ ಕೊಟ್ಟ ಅಳತೆ, ಅದು ಬದಲಾಗುವುದಿಲ್ಲ. ಎರಡನೆಯದನ್ನು ಪ್ರತಿದಿನ ಯಾರೋ ಕುಳಿತು ಹೊಸದಾಗಿ ಗೊತ್ತುಮಾಡುತ್ತಾರೆ.

ಮೊದಲು ಭೂಮಿಯ ಅಳತೆ ನೋಡೋಣ. ಒಂದು ಗ್ಲೋಬ್ ತೆಗೆದುಕೊಂಡು, ಎರಡು ಊರುಗಳ ಮೇಲೆ ಒಂದು ದಾರದ ಎರಡು ತುದಿ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ಎಲ್ಲಿ ಕೂರುತ್ತದೋ ಅದೇ ಅತಿ ಹತ್ತಿರದ ದಾರಿ. ಇದನ್ನು ಗ್ರೇಟ್ ಸರ್ಕಲ್ ದಾರಿ ಎನ್ನುತ್ತಾರೆ. ನ್ಯೂಯಾರ್ಕ್ ಇರುವುದು ಪಶ್ಚಿಮ ರೇಖಾಂಶ 74 ಡಿಗ್ರಿಯ ಹತ್ತಿರ. ಸಿಂಗಾಪುರ ಪೂರ್ವ ರೇಖಾಂಶ 104ರ ಹತ್ತಿರ. ಕೂಡಿದರೆ 178. ಅಂದರೆ ಒಂದು ಊರು ಭೂಮಿಯ ಈ ಮಗ್ಗುಲಲ್ಲಿ, ಇನ್ನೊಂದು ಸರಿಯಾಗಿ ಆ ಮಗ್ಗುಲಲ್ಲಿ. ಹಾಗಾಗಿ ದಾರ ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ. ನೇರ ಉತ್ತರಕ್ಕೆ ಹತ್ತಿ, ಉತ್ತರ ಧ್ರುವದಿಂದ 300 ಕಿಲೋಮೀಟರ್ ಒಳಗೇ ಹಾದು, ಆಚೆ ಕಡೆ ದಕ್ಷಿಣಕ್ಕೆ ಇಳಿಯುತ್ತದೆ.

ಈ ಜೋಡಿಯ ದೂರವನ್ನು ಕಾಗದವೇ ಇಲ್ಲದೆ ಲೆಕ್ಕ ಹಾಕಬಹುದು. ನ್ಯೂಯಾರ್ಕಿನಿಂದ ಧ್ರುವಕ್ಕೆ 49 ಡಿಗ್ರಿ ಚಿಲ್ಲರೆ. ಧ್ರುವದಿಂದ ಸಿಂಗಾಪುರಕ್ಕೆ 88 ಚಿಲ್ಲರೆ. ಒಟ್ಟು 138 ಡಿಗ್ರಿ. ಪೈಲಟ್‌ಗಳು ಬಳಸುವ ನಾಟಿಕಲ್ ಮೈಲಿ ಹುಟ್ಟಿದ್ದೇ ಇದಕ್ಕಾಗಿ: ಒಂದು ಡಿಗ್ರಿಗೆ 60 ಮೈಲಿ, ಒಂದು ಮೈಲಿಗೆ 1,852 ಮೀಟರ್. 138ನ್ನು 60ರಿಂದ ಗುಣಿಸಿದರೆ 8,280 ನಾಟಿಕಲ್ ಮೈಲಿ, ಅಂದರೆ 15,300 ಕಿಲೋಮೀಟರಿಗೆ ಸ್ವಲ್ಪ ಮೇಲೆ. ಕಂಪ್ಯೂಟರ್ ಕೊಡುವ ಉತ್ತರದ ಪಕ್ಕಕ್ಕೇ ಬಂದು ನಿಲ್ಲುತ್ತೇವೆ! ಎಷ್ಟು ಸಲ ಮಾಡಿದರೂ ನನಗೆ ಈ ಲೆಕ್ಕದ ಖುಷಿ ಕಮ್ಮಿಯಾಗಿಲ್ಲ.

ಇದನ್ನು ಗೋಡೆಯ ಮೇಲಿನ ಚಪ್ಪಟೆ ನಕ್ಷೆಯಲ್ಲಿ ನೋಡಲು ಹೋದರೆ ಏನೂ ತಿಳಿಯುವುದಿಲ್ಲ. ನಮಗೆಲ್ಲ ಪರಿಚಯವಿರುವ ಆ ನಕ್ಷೆ ಮರ್ಕೇಟರ್ ಎಂಬ ನಕ್ಷೆಗಾರ 1569ರಲ್ಲಿ ಮಾಡಿದ್ದು. ಅವನು ಅದನ್ನು ಮಾಡಿದ್ದು ಹಡಗಿನವರಿಗಾಗಿ. ದಿಕ್ಸೂಚಿಯ ಮುಳ್ಳನ್ನು ಒಂದೇ ಕೋನದಲ್ಲಿ ಹಿಡಿದು ಸಾಗಿದರೆ ದಾರಿ ಆ ನಕ್ಷೆಯ ಮೇಲೆ ನೇರ ಗೆರೆಯಾಗಿ ಕಾಣುತ್ತದೆ. ಆ ಅನುಕೂಲಕ್ಕೆ ಬೆಲೆಯಾಗಿ ಧ್ರುವದ ಕಡೆಗಿನ ನಾಡುಗಳೆಲ್ಲ ಹಿಗ್ಗಿಬಿಡುತ್ತವೆ. ಆಫ್ರಿಕಾ ಗ್ರೀನ್‌ಲ್ಯಾಂಡಿಗಿಂತ ಸುಮಾರು 14 ಪಟ್ಟು ದೊಡ್ಡದು, ನಕ್ಷೆಯಲ್ಲಿ ಎರಡೂ ಸಮ ಎಂಬಂತೆ ಕಾಣುತ್ತವೆ. ಉತ್ತರ ಧ್ರುವವನ್ನಂತೂ ಆ ನಕ್ಷೆಯಲ್ಲಿ ತೋರಿಸಲು ಸಾಧ್ಯವೇ ಇಲ್ಲ. ಜಗತ್ತಿನ ಅತಿ ದೂರದ ಹಾರಾಟದ ಅತಿ ಹತ್ತಿರದ ದಾರಿ ನಕ್ಷೆಯ ಅಂಚಿನಿಂದ ಆಚೆಗೆ ಬಿದ್ದುಹೋಗುತ್ತದೆ.

ದಕ್ಷಿಣದಲ್ಲೂ ಹೀಗೇ. ಆಸ್ಟ್ರೇಲಿಯಾದ ಸಿಡ್ನಿ ಮತ್ತು ಚಿಲಿ ದೇಶದ ಸ್ಯಾಂಟಿಯಾಗೊ ಎರಡೂ ದಕ್ಷಿಣ ಅಕ್ಷಾಂಶ 33-34 ಡಿಗ್ರಿಯಲ್ಲಿವೆ. ಚಪ್ಪಟೆ ನಕ್ಷೆಯಲ್ಲಿ ಅಡ್ಡಲಾಗಿ ಒಂದು ಗೆರೆ ಎಳೆದರೆ ಆಯಿತು ಅನ್ನಿಸುತ್ತದೆ, ಅಲ್ವಾ? ಗ್ಲೋಬಿನ ಮೇಲೆ ದಾರ ಎಳೆದು ನೋಡಿ. ಅದು ಅಂಟಾರ್ಕ್ಟಿಕಾದ ಕಡೆಗೆ ಜಾರಿ 62 ಡಿಗ್ರಿಯವರೆಗೆ ಇಳಿದು ಮತ್ತೆ ಮೇಲೇರುತ್ತದೆ. ವಿಮಾನದ ಸೀಟಿನ ಮುಂದಿನ ಪರದೆಯಲ್ಲಿ ದಾರಿ ಬಿಲ್ಲಿನಂತೆ ಬಾಗಿದ್ದು ಕಂಡರೆ, ಬಾಗಿರುವುದು ನಕ್ಷೆ. ವಿಮಾನ ನೆಟ್ಟಗೇ ಹೋಗುತ್ತಿದೆ.

ಇನ್ನೊಂದು ವಿಷಯ. ಭೂಮಿ ಪೂರ್ತಿ ಗುಂಡಗೂ ಇಲ್ಲ. ಸಮಭಾಜಕದಲ್ಲಿ ಅದರ ತ್ರಿಜ್ಯ 6,378 ಕಿಲೋಮೀಟರ್, ಧ್ರುವದಲ್ಲಿ 6,357. ಪೂರ್ತಿ ಗುಂಡಗಿದೆ ಎಂದುಕೊಂಡು ಲೆಕ್ಕ ಹಾಕಿದರೆ ನೂರಕ್ಕೆ ಅರ್ಧದಷ್ಟು ತಪ್ಪಬಹುದು. ಇಷ್ಟು ಉದ್ದದ ದಾರಿಗೆ ಅದು 75 ಕಿಲೋಮೀಟರ್ ಆದೀತು. 1975ರಲ್ಲಿ ವಿನ್ಸೆಂಟಿ ಎಂಬುವರು ಹೀಗೆ ಧ್ರುವಗಳಲ್ಲಿ ತುಸು ಚಪ್ಪಟೆಯಾದ ಭೂಮಿಗೆ ಹೊಂದುವ ಸೂತ್ರಗಳನ್ನು ಕೊಟ್ಟರು. ಅವು ಮಿಲಿಮೀಟರ್ ಲೆಕ್ಕದಲ್ಲಿ ಉತ್ತರ ಕೊಡುತ್ತವೆ. ಆದರೆ ಎರಡು ಜಾಗಗಳು ಭೂಮಿಯ ಎದುರುಬದುರು ತುದಿಯಲ್ಲಿದ್ದರೆ ಆ ಲೆಕ್ಕ ಮುಗಿಯದೆ ಸುತ್ತುತ್ತಲೇ ಇರುತ್ತದೆ. 2013ರಲ್ಲಿ ಕಾರ್ನಿ ಎಂಬುವರು ಆ ತೊಡಕನ್ನೂ ಬಿಡಿಸಿದರು. ಇನ್ನು ಎತ್ತರ. ವಿಮಾನ ನೆಲದಿಂದ 11 ಕಿಲೋಮೀಟರ್ ಮೇಲೆ ಹಾರುತ್ತದೆ, ಮೇಲೆ ಹೋದಷ್ಟೂ ವೃತ್ತ ದೊಡ್ಡದು. ನ್ಯೂಯಾರ್ಕ್–ಸಿಂಗಾಪುರ ದಾರಿಗೆ ಇದರಿಂದ ಸೇರುವುದು ಬರೀ 26 ಕಿಲೋಮೀಟರ್.

ಈ ಗ್ರೇಟ್ ಸರ್ಕಲ್ ದೂರದ ಮೇಲೆ ದುಡ್ಡಿನ ಲೆಕ್ಕವೂ ನಿಂತಿದೆ. ವಿಮಾನ ರದ್ದಾದರೆ ಅಥವಾ ತುಂಬಾ ತಡವಾದರೆ ಪ್ರಯಾಣಿಕರಿಗೆ ಪರಿಹಾರ ಕೊಡಬೇಕು ಎಂಬ ಯುರೋಪಿನ 2004ರ ನಿಯಮ, ದೂರವನ್ನು ಈ ರೀತಿಯಲ್ಲೇ ಅಳೆಯಬೇಕು ಎಂದು ಬರೆದಿಟ್ಟಿದೆ. ನಡುವೆ ಒಂದು ಊರಿನಲ್ಲಿ ವಿಮಾನ ಬದಲಿಸಿದವರಿಗೆ ಯಾವ ಲೆಕ್ಕ? 2017ರಲ್ಲಿ ಯುರೋಪಿನ ನ್ಯಾಯಾಲಯ ಇದಕ್ಕೂ ಉತ್ತರ ಕೊಟ್ಟಿತು: ಹತ್ತಿದ ಊರು ಮತ್ತು ಕೊನೆಗೆ ಇಳಿದ ಊರು, ಇವೆರಡರ ನಡುವಿನ ನೇರ ದೂರವೇ ದೂರ. ಕಾನೂನಿಗೆ ಬದಲಾಗದ ಒಂದು ಅಳತೆ ಬೇಕು. ವಿಮಾನ ಆ ದಿನ ಎಲ್ಲೆಲ್ಲಿ ಸುತ್ತಿತು ಎಂಬುದನ್ನು ಹಿಡಿದು ನ್ಯಾಯ ಹೇಳಲು ಆಗುವುದಿಲ್ಲ. ಇದು ಸರಿಯಾದ ತೀರ್ಮಾನ ಎಂದೇ ನನ್ನ ಅಭಿಪ್ರಾಯ.

ಈಗ ಗಾಳಿಗೆ ಬರೋಣ. ನಿಜವಾದ ಕಥೆ ಇರುವುದು ಇಲ್ಲೇ.

ವಿಮಾನ ನೆಲದ ಮೇಲೆ ಓಡುತ್ತಿಲ್ಲ, ಗಾಳಿಯೊಳಗೆ ಓಡುತ್ತಿದೆ. ಆ ಗಾಳಿ ತಾನೂ ಎಲ್ಲಿಗೋ ಹೋಗುತ್ತಿರುತ್ತದೆ. ಹರಿಯುವ ಹೊಳೆಯಲ್ಲಿ ಈಜುವವನ ಹಾಗೆ: ಕೈಕಾಲು ಬಡಿದದ್ದು ಒಂದು ಲೆಕ್ಕ, ದಡದಿಂದ ನೋಡಿದವರಿಗೆ ಕಂಡದ್ದು ಇನ್ನೊಂದು ಲೆಕ್ಕ. ಒಂದು ಉದಾಹರಣೆ ಕಟ್ಟಿ ನೋಡೋಣ. ವಿಮಾನದ ವೇಗ ಗಾಳಿಯಲ್ಲಿ ಗಂಟೆಗೆ 900 ಕಿಲೋಮೀಟರ್, ಹೋಗಬೇಕಾದ ದೂರ 8,000. ಎದುರಿನಿಂದ ಗಂಟೆಗೆ 100 ಕಿಲೋಮೀಟರ್ ಗಾಳಿ ಬೀಸುತ್ತಿದ್ದರೆ ನೆಲದ ಲೆಕ್ಕದಲ್ಲಿ ವೇಗ 800ಕ್ಕೆ ಇಳಿಯುತ್ತದೆ. ಹತ್ತು ಗಂಟೆ ಬೇಕು. ಆ ಹತ್ತು ಗಂಟೆಯಲ್ಲಿ ಎಂಜಿನ್ ಗಾಳಿಯೊಳಗೆ ದೂಡಿದ್ದು 9,000 ಕಿಲೋಮೀಟರ್. ಅದೇ ಗಾಳಿ ಬೆನ್ನ ಹಿಂದಿದ್ದರೆ ಎಂಟೇ ಗಂಟೆ, ಎಂಜಿನ್ ದುಡಿದದ್ದು 7,200 ಕಿಲೋಮೀಟರಿಗೆ. ನಿಲ್ದಾಣಗಳು ಅಲ್ಲಲ್ಲೇ ಇವೆ. ಇಂಧನದ ಟ್ಯಾಂಕಿಗೆ ಮಾತ್ರ ಒಂದೂವರೆ ಸಾವಿರ ಕಿಲೋಮೀಟರಿಗೂ ಜಾಸ್ತಿ ವ್ಯತ್ಯಾಸ.

ಹೋಗುವಾಗ ಕಳೆದುಕೊಂಡದ್ದನ್ನು ಬರುವಾಗ ಗಾಳಿ ಪೂರ್ತಿ ವಾಪಸ್ ಕೊಡುವುದೂ ಇಲ್ಲ. ಮೇಲಿನ ಲೆಕ್ಕದಲ್ಲಿ ಹೋಗಿಬರಲು 18 ಗಂಟೆ. ಗಾಳಿಯೇ ಇಲ್ಲದಿದ್ದರೆ 17 ಗಂಟೆ 47 ನಿಮಿಷ ಸಾಕಿತ್ತು. ಎದುರು ಗಾಳಿಯಲ್ಲಿ ಕಳೆಯುವ ಹೊತ್ತೇ ಜಾಸ್ತಿ, ಅದಕ್ಕೇ ಹೀಗೆ.

ಆಕಾಶದಲ್ಲಿ ಇಂಥ ಗಾಳಿಯ ನದಿಗಳಿವೆ ಎಂದು ಮೊದಲು ಅಳೆದು ತೋರಿಸಿದವರಲ್ಲಿ ಜಪಾನಿನ ವಸಬುರೊ ಓಯಿಶಿ ಮುಖ್ಯ. 1920ರ ದಶಕದಲ್ಲಿ ತಾತೆನೊ ಎಂಬಲ್ಲಿಂದ ಬಲೂನ್ ಬಿಟ್ಟು, ಅವು ಪೂರ್ವಕ್ಕೆ ಎಷ್ಟು ಜೋರಾಗಿ ಓಡುತ್ತವೆ ಎಂದು ಅವರು ಬರೆದಿಟ್ಟರು. ಜಗತ್ತಿಗೆಲ್ಲ ತಿಳಿಯಲಿ ಎಂಬ ಆಸೆಯಿಂದ ವರದಿಯನ್ನು ಎಸ್ಪೆರಾಂಟೊದಲ್ಲಿ, ಅಂದರೆ ಎಲ್ಲ ದೇಶದವರಿಗೂ ಆಗಲಿ ಎಂದು ಹೊಸದಾಗಿ ಕಟ್ಟಿದ ಭಾಷೆಯಲ್ಲಿ, ಪ್ರಕಟಿಸಿದರು. ಓದಿದವರು ತೀರಾ ಕಮ್ಮಿ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ಪೈಲಟ್‌ಗಳು ಅದೇ ಗಾಳಿಗೆ ಸಿಕ್ಕಿ ಕಂಗಾಲಾದರು. ಓಯಿಶಿಯವರ ನೆನಪಾದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಇವತ್ತು ಪೂರ್ವಕ್ಕೆ ಹಾರುವ ಪ್ರತಿ ಪ್ರಯಾಣಿಕನೂ ಅವರು ಅಳೆದ ಗಾಳಿಯ ಉಪಯೋಗ ಪಡೆಯುತ್ತಿದ್ದಾನೆ.

ಜೆಟ್ ಸ್ಟ್ರೀಮ್ ಎಂಬ ಈ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಚಳಿಗಾಲದಲ್ಲಿ ಗಂಟೆಗೆ 300 ಕಿಲೋಮೀಟರ್ ದಾಟುವುದೂ ಉಂಟು. 2020ರ ಫೆಬ್ರವರಿಯಲ್ಲಿ ಒಂದು ಬೋಯಿಂಗ್ 747 ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ತಲುಪಿತು. ಬಿರುಗಾಳಿಯ ಬೆಂಬಲದಲ್ಲಿ ನೆಲದ ಲೆಕ್ಕದ ವೇಗ ಗಂಟೆಗೆ 1,300 ಕಿಲೋಮೀಟರ್ ದಾಟಿತ್ತು. ಹಾಗೆಂದು ಅದು ಶಬ್ದದ ವೇಗವನ್ನೇನೂ ಮೀರಿರಲಿಲ್ಲ. ತನ್ನ ಸುತ್ತಲಿನ ಗಾಳಿಯಲ್ಲಿ ಅದು ಎಂದಿನಂತೆಯೇ ಹಾರುತ್ತಿತ್ತು, ಗಾಳಿಯೇ ಅದನ್ನು ಹೊತ್ತೊಯ್ದಿತ್ತು. ಅಟ್ಲಾಂಟಿಕ್ ಸಾಗರದ ಮೇಲಂತೂ ದಾರಿಗಳನ್ನೇ ಗಾಳಿ ನೋಡಿ ದಿನಕ್ಕೆ ಎರಡು ಸಲ ಹೊಸದಾಗಿ ಹಾಕುತ್ತಾರೆ. ಆ ದಂಡೆಯಲ್ಲಿ ಕೆನಡಾದ ಗ್ಯಾಂಡರ್, ಈ ದಂಡೆಯಲ್ಲಿ ಶಾನ್ವಿಕ್, ಈ ಎರಡು ನಿಯಂತ್ರಣ ಕೇಂದ್ರಗಳು ಆ ಕೆಲಸ ಮಾಡುತ್ತವೆ. ನಿನ್ನೆಯ ದಾರಿ ಇವತ್ತು ಇರುವುದಿಲ್ಲ.

ಗಾಳಿಯ ಮಹಿಮೆ ನನಗೆ ಪೂರ್ತಿ ಮನದಟ್ಟಾದದ್ದು ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನದಿಂದ. ಮೊದಲು ಅದು ಪಶ್ಚಿಮಕ್ಕೆ ಮುಖ ಮಾಡಿ ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು, ಸುಮಾರು 13,900 ಕಿಲೋಮೀಟರ್. 2016ರ ಅಕ್ಟೋಬರಿನಲ್ಲಿ ಪೂರ್ವಕ್ಕೆ ತಿರುಗಿ ಪೆಸಿಫಿಕ್ ಮೇಲೆ ಹಾರಿತು. ದೂರ 15,300 ಕಿಲೋಮೀಟರಿಗೆ ಏರಿತು. ಹೊತ್ತು ಮಾತ್ರ ಸುಮಾರು ಎರಡು ಗಂಟೆ ಇಳಿಯಿತು! ಹದಿನಾಲ್ಕು ನೂರು ಕಿಲೋಮೀಟರ್ ಜಾಸ್ತಿ ಹಾರಿ ಬೇಗ ತಲುಪುವುದು ಅಂದರೆ ಇದೇ. ಗ್ಲೋಬಿನ ಮೇಲಿನ ದಾರ ಎಷ್ಟು ಬಿಗಿಯಾಗಿದ್ದರೂ ಈ ದಾರಿಯನ್ನು ತೋರಿಸಲಾರದು.

ಸಿಂಗಾಪುರದ ಕಥೆಯೂ ಇದೇ. ಸಿಂಗಾಪುರದಿಂದ ನ್ಯೂಯಾರ್ಕಿಗೆ ಹೊರಟ ವಿಮಾನ ಸಾಮಾನ್ಯವಾಗಿ ಪೆಸಿಫಿಕ್ ಸಾಗರದ ಮೇಲೆ ಗಾಳಿಯ ಬೆನ್ನೇರಿ ಪೂರ್ವಕ್ಕೆ ಹೋಗುತ್ತದೆ. ಧ್ರುವದ ಕಡೆ ತಲೆಯನ್ನೂ ಹಾಕುವುದಿಲ್ಲ. 16,700 ಎಂಬ ಲೆಕ್ಕ ಬರುವುದು ಇಂಥ ಸುತ್ತುದಾರಿಯಿಂದ.

ಗಾಳಿ ಒಪ್ಪಿದರೂ ನೆಲದವರು ಒಪ್ಪಬೇಕು. ಶೀತಲ ಸಮರದ ಕಾಲದಲ್ಲಿ ಪಶ್ಚಿಮ ದೇಶಗಳ ಬಹುಪಾಲು ವಿಮಾನಗಳಿಗೆ ಸೋವಿಯತ್ ಒಕ್ಕೂಟದ ಆಕಾಶ ಮುಚ್ಚಿತ್ತು. 1957ರಲ್ಲಿ ಕೋಪನ್‌ಹೇಗನ್ನಿನಿಂದ ಟೋಕಿಯೊಗೆ ಶುರುವಾದ ವಿಮಾನ ಉತ್ತರ ಧ್ರುವದ ಕಡೆಯಿಂದ ಸುತ್ತಿ, ಅಲಾಸ್ಕಾದ ಆಂಕರೇಜ್‌ನಲ್ಲಿ ಇಳಿದು, ಇಂಧನ ತುಂಬಿಕೊಂಡು ಮುಂದೆ ಹೋಗುತ್ತಿತ್ತು. ನೇರ ದೂರ ಸುಮಾರು 8,700 ಕಿಲೋಮೀಟರ್, ಆಂಕರೇಜ್ ಮೂಲಕ ಹೋದರೆ 12,500. ಸೋವಿಯತ್ ಒಕ್ಕೂಟ ಒಡೆದ ಮೇಲೆ ಸೈಬೀರಿಯಾದ ಆಕಾಶ ತೆರೆಯಿತು, ದೂರಗಳು ಕುಗ್ಗಿದವು. ಹೆಲ್ಸಿಂಕಿಯ ಫಿನ್‌ಏರ್ ಕಂಪನಿ ತನ್ನ ಇಡೀ ವ್ಯಾಪಾರವನ್ನೇ ಈ ಹತ್ತಿರದ ದಾರಿಯ ಮೇಲೆ ಕಟ್ಟಿತು. ಹೆಲ್ಸಿಂಕಿಯಿಂದ ಟೋಕಿಯೊ 7,800 ಕಿಲೋಮೀಟರ್ ಚಿಲ್ಲರೆ, ಒಂಬತ್ತೂವರೆ ಗಂಟೆ.

2022ರಲ್ಲಿ ಯುಕ್ರೇನ್ ಯುದ್ಧ ಶುರುವಾಗಿ ರಷ್ಯಾದ ಆಕಾಶ ಫಿನ್‌ಏರ್‌ಗೆ ಮತ್ತೆ ಮುಚ್ಚಿತು. ಅದೇ ಟೋಕಿಯೊ ಈಗ ಸುಮಾರು 13 ಗಂಟೆಯ ದಾರಿ. ಉತ್ತರ ಧ್ರುವದ ಮೇಲೆ ಹಾದು ಅಲಾಸ್ಕಾ ಕಡೆಯಿಂದ ಇಳಿಯಬೇಕು, ಇಲ್ಲವೇ ದಕ್ಷಿಣದ ಕಡೆಯಿಂದ ಸುತ್ತಬೇಕು. 1983ರಲ್ಲಿ ಇದೇ ಕಂಪನಿಯ ಡಿಸಿ-10 ವಿಮಾನ ಟೋಕಿಯೊಗೆ ನೇರ ಹಾರಾಟ ಶುರು ಮಾಡಿದಾಗ ಹೋದದ್ದೂ ಧ್ರುವದ ಮೇಲಿಂದಲೇ. ನಲವತ್ತು ವರ್ಷದ ಹಿಂದಿನ ದಾರಿಗೆ ಮತ್ತೆ ಮರಳಬೇಕಾಯಿತು. ಎರಡು ಊರುಗಳ ನಡುವೆ ಭೂಮಿ ಒಂದು ಅಡಿಯೂ ಹಿಗ್ಗಿಲ್ಲ. ಮೂರು ಗಂಟೆಗೂ ಮಿಕ್ಕ ಆಕಾಶವನ್ನು ನಡುವೆ ತಂದಿಟ್ಟದ್ದು ಮನುಷ್ಯರ ಜಗಳ. ದೂರದ ಊರಿನಲ್ಲಿ ಅಪ್ಪ ಅಮ್ಮನನ್ನೋ ಮಕ್ಕಳನ್ನೋ ಬಿಟ್ಟವರಿಗೆ ಆ ಮೂರು ಗಂಟೆ ಬರೀ ವೇಳಾಪಟ್ಟಿಯ ಮಾತಲ್ಲ.

ವಿಮಾನಕ್ಕೂ ಅದರದ್ದೇ ಕಟ್ಟುಪಾಡುಗಳಿವೆ. ಎರಡು ಎಂಜಿನ್ ವಿಮಾನದಲ್ಲಿ ಒಂದು ಕೆಟ್ಟರೆ ಇನ್ನೊಂದರಲ್ಲಿ ಹತ್ತಿರದ ನಿಲ್ದಾಣ ಸೇರಬೇಕು. ಅಮೆರಿಕದ 1953ರ ನಿಯಮ ಅದಕ್ಕೆ 60 ನಿಮಿಷದ ಮಿತಿ ಹಾಕಿತ್ತು. ಹಾಗಾಗಿ ದೊಡ್ಡ ಸಾಗರಗಳನ್ನು ದಾಟುವಾಗ ಅವು ದಂಡೆ, ದ್ವೀಪಗಳ ಬಳಿಯೇ ಸುತ್ತಿಕೊಂಡು ಹೋಗಬೇಕಿತ್ತು. 1985ರಲ್ಲಿ ಮಿತಿ 120 ನಿಮಿಷಕ್ಕೆ ಏರಿತು. ಈಗಿನ ಏರ್‌ಬಸ್ ಎ350ಕ್ಕೆ 370 ನಿಮಿಷದವರೆಗೆ ಅನುಮತಿ ಇದೆ. ಎಂಜಿನ್ ಮೇಲಿನ ನಂಬಿಕೆ ಬೆಳೆದಂತೆ ಸಾಗರಗಳು ಚಿಕ್ಕದಾದವು ಎನ್ನಬಹುದು. ಟಿಬೆಟ್ ಪ್ರಸ್ಥಭೂಮಿಯ ಮೇಲೆ ಬೇರೆ ತೊಂದರೆ: ಒಳಗಿನ ಗಾಳಿಯ ಒತ್ತಡ ಹೋದರೆ ವಿಮಾನ ಕೂಡಲೇ 10,000 ಅಡಿಗೆ ಇಳಿಯಬೇಕು, ಆದರೆ ಅಲ್ಲಿ ನೆಲವೇ ಅದಕ್ಕಿಂತ ಎತ್ತರ. ಧ್ರುವದ ದಾರಿಯಲ್ಲಿ ಇಂಧನ ಹೆಪ್ಪುಗಟ್ಟುವ ಭಯ. ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಇಂಧನಕ್ಕೆ ಮೈನಸ್ 40 ಡಿಗ್ರಿ ಮಿತಿ. ಹೊರಗಿನ ಚಳಿ ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ.

ಇದೆಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡು ಆ ದಿನದ ದಾರಿಯನ್ನು ಗೊತ್ತುಮಾಡುವವರು ಫ್ಲೈಟ್ ಡಿಸ್ಪ್ಯಾಚರ್‌ಗಳು. ನಾವು ಅವರ ಮುಖ ನೋಡುವುದೇ ಇಲ್ಲ. ಗಾಳಿಯ ಮುನ್ಸೂಚನೆ, ಮುಚ್ಚಿದ ಆಕಾಶ, ತುರ್ತಿನಲ್ಲಿ ಇಳಿಯಬಹುದಾದ ನಿಲ್ದಾಣಗಳು, ಒಂದೊಂದು ದೇಶ ಹಾಕುವ ಶುಲ್ಕ, ಎಲ್ಲವನ್ನೂ ತೂಗಿ ಎಷ್ಟು ಇಂಧನ ಬೇಕು ಎಂದು ಹೇಳುತ್ತಾರೆ. ಉದ್ದದ ಹಾರಾಟದಲ್ಲಿ ಇಂಧನದ ಲೆಕ್ಕ ಬಹಳ ಬಿಗಿ. ಇಂಧನವನ್ನು ಹೊರಲಿಕ್ಕೂ ಇಂಧನ ಬೇಕು. ಹದಿನೆಂಟನೇ ಗಂಟೆಗೆ ಬೇಕಾದ ಪ್ರತಿ ಲೀಟರನ್ನು ಹದಿನೇಳು ಗಂಟೆ ಸುಮ್ನೆ ಹೊತ್ತು ತಿರುಗಬೇಕು. ಸಿಂಗಾಪುರ–ನ್ಯೂಯಾರ್ಕ್ ವಿಮಾನದ ಟ್ಯಾಂಕುಗಳಲ್ಲಿ 1,65,000 ಲೀಟರ್ ಹಿಡಿಯುತ್ತದೆ, ಸೀಟು ಮಾತ್ರ 161. ಅದೇ ಅಳತೆಯ ಬೇರೆ ವಿಮಾನಗಳಲ್ಲಿ 300ಕ್ಕೂ ಹೆಚ್ಚು ಜನ ಕೂರುತ್ತಾರೆ. ವಿಮಾನ ಹೊರಟ ಮೇಲೂ ಡಿಸ್ಪ್ಯಾಚರ್ ಅದರ ಮೇಲೆ ಕಣ್ಣಿಟ್ಟಿರುತ್ತಾರೆ. ಇಷ್ಟು ಜವಾಬ್ದಾರಿಯ ಕೆಲಸಕ್ಕೆ ಇಷ್ಟು ಕಡಿಮೆ ಹೆಸರು ಸಿಕ್ಕಿರುವುದು ಸರಿಯಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಲೆಕ್ಕ ಕೂಡದಿದ್ದರೆ ಏನಾಗುತ್ತದೆ ಎಂಬುದು 2024ರಲ್ಲಿ ಕಂಡಿತು. ಆಸ್ಟ್ರೇಲಿಯಾದ ಪರ್ತ್‌ನಿಂದ ಲಂಡನ್ನಿಗೆ ಕ್ವಾಂಟಸ್ ವಿಮಾನ 2018ರಿಂದ ನೇರವಾಗಿ ಹಾರುತ್ತಿತ್ತು, ಸುಮಾರು 14,500 ಕಿಲೋಮೀಟರ್. ಪಶ್ಚಿಮ ಏಷ್ಯಾದ ಗಲಾಟೆಯಿಂದ ಇರಾನ್ ಸುತ್ತಲಿನ ಆಕಾಶವನ್ನು ಬಿಟ್ಟು ಹೋಗಬೇಕಾಗಿ ಬಂತು. ಆ ಸುತ್ತು ಸೇರಿದ ಮೇಲೆ ಅಷ್ಟು ಜನರನ್ನು ಕೂರಿಸಿಕೊಂಡು ಲಂಡನ್ ಮುಟ್ಟುವಷ್ಟು ಇಂಧನ ಹೊರಲು ಆಗುತ್ತಿರಲಿಲ್ಲ. ಸ್ವಲ್ಪ ಕಾಲ ಅದು ಸಿಂಗಾಪುರದಲ್ಲಿ ಇಳಿದು, ಇಂಧನ ತುಂಬಿಸಿಕೊಂಡು ಹೋಯಿತು.

ಪರ್ತ್ ಆಯಿತು, ಮುಂದೆ ಸಿಡ್ನಿ. ಸಿಡ್ನಿ–ಲಂಡನ್ ನೇರ ದೂರ ಸುಮಾರು 17,000 ಕಿಲೋಮೀಟರ್. ಭೂಮಿಯ ಮೇಲೆ ಯಾವ ಎರಡು ಜಾಗಗಳ ನಡುವೆಯೂ ಅತಿ ಹತ್ತಿರದ ದಾರಿ 20,000 ಕಿಲೋಮೀಟರಿಗಿಂತ ಹೆಚ್ಚೇನೂ ಇರಲಾರದು. ಹಾಗಾಗಿ ಇದಾದ ಮೇಲೆ ಉಳಿಯುವುದು ಸ್ವಲ್ಪವೇ. 1935ರಲ್ಲಿ ಆಸ್ಟ್ರೇಲಿಯಾದಿಂದ ಲಂಡನ್ನಿಗೆ ವಿಮಾನದಲ್ಲೇ ಹನ್ನೆರಡು ದಿನ ದಾಟುತ್ತಿತ್ತು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1943ರಿಂದ 1945ರವರೆಗೆ, ಪರ್ತ್‌ನಿಂದ ಶ್ರೀಲಂಕಾದ ಕೊಗ್ಗಲ ಸರೋವರಕ್ಕೆ ಕ್ಯಾಟಲಿನಾ ಎಂಬ ನೀರಿನ ಮೇಲೆ ಇಳಿಯುವ ವಿಮಾನಗಳು ಹಾರಿದವು. 27ರಿಂದ 33 ಗಂಟೆ. ಶತ್ರುಗಳಿಗೆ ಸುಳಿವು ಸಿಗಬಾರದೆಂದು ರೇಡಿಯೊ ಬಂದ್. ಒಳಗೆ ಕುಳಿತವರು ಒಂದೇ ಹಾರಾಟದಲ್ಲಿ ಎರಡು ಸೂರ್ಯೋದಯ ನೋಡುತ್ತಿದ್ದರು. 1989ರಲ್ಲಿ ಒಂದು ಹೊಸ 747 ಲಂಡನ್ನಿನಿಂದ ಸಿಡ್ನಿಗೆ ಎಲ್ಲೂ ಇಳಿಯದೆ 20 ಗಂಟೆ 9 ನಿಮಿಷದಲ್ಲಿ ಬಂತು. ಟಿಕೆಟ್ ಕೊಂಡ ಪ್ರಯಾಣಿಕರಿರಲಿಲ್ಲ. ಇಂಧನ ಉಳಿಸಲು ವಿಮಾನವನ್ನು ರನ್‌ವೇಯವರೆಗೆ ಎಳೆದು ತಂದಿದ್ದರು. 2019ರಲ್ಲಿ ಒಂದು 787 ಪ್ರಯೋಗಕ್ಕಾಗಿ ಅದೇ ದಾರಿಯನ್ನು 19 ಗಂಟೆ 19 ನಿಮಿಷದಲ್ಲಿ ಹಾರಿತು.

ಆ ಪ್ರಯೋಗ ನಡೆಸಿದ ಕ್ವಾಂಟಸ್, ಎ350-1000 ಮಾದರಿಯಲ್ಲಿ ಹೆಚ್ಚುವರಿ ಟ್ಯಾಂಕ್ ಹಾಕಿಸಿ ಈ ದಾರಿಯಲ್ಲಿ ಟಿಕೆಟ್ ಮಾರಲು ತಯಾರಿ ನಡೆಸಿದೆ. ಹಳೆಯ ಕ್ಯಾಟಲಿನಾಗಳ ನೆನಪಿಗೆ ಯೋಜನೆಗೆ ಪ್ರಾಜೆಕ್ಟ್ ಸನ್‌ರೈಸ್ ಎಂದು ಹೆಸರಿಟ್ಟಿದ್ದಾರೆ. ಇಷ್ಟು ದೂರದ ಊರುಗಳ ನಡುವೆ ಒಂದು ದಾರಿಗೂ ಇನ್ನೊಂದು ದಾರಿಗೂ ಉದ್ದದಲ್ಲಿ ಅಂಥ ವ್ಯತ್ಯಾಸ ಇರುವುದಿಲ್ಲ. ಗಾಳಿ ಹೇಳಿದ ಕಡೆ ಹೋಗಲು ಜಾಗ ಜಾಸ್ತಿ. ಆ ವಿಮಾನಗಳು ಹಾರಲು ಶುರು ಮಾಡಿದ ಮೊದಲ ಚಳಿಗಾಲದಲ್ಲಿ, ಒಂದೊಂದು ದಿನದ ದಾರಿಯನ್ನೂ ನಕ್ಷೆಯ ಮೇಲೆ ಎಳೆದು ನೋಡಬೇಕೆಂದು ಈಗಲೇ ಕಾಯುತ್ತಿದ್ದೇನೆ.